ದ್ವೀಪದಲ್ಲಿ ಕಳೆದ ಕರಡಿಗೆ

ಪಂಪ್‌ಸೆಟ್ ಕಂಪನಿಯವರು ಒಮ್ಮೆ ಡೀಲರ್‌ಗಳಿಗೆಲ್ಲ ಗ್ರೀಸ್ ಪ್ರವಾಸ ಕೊಟ್ಟರು. ಶಿಕಾರಿಪುರದ ನಮ್ಮ ಅಂಗಡಿಗೂ ಎರಡು ಟಿಕೆಟ್ ಬಂದವು. ನಮ್ಮ ಯಜಮಾನರಿಗೆ ವಿಮಾನವೆಂದರೆ ಜೀವಭಯ. ಅದನ್ನು ಹೇಳಿಕೊಳ್ಳುವ ಗಂಡಸಲ್ಲ ಅವರು. "ಅಂಗಡಿ ಯಾರು ನೋಡ್ಕೋತಾರೆ" ಎಂದು ಗಂಭೀರವಾಗಿ ಜಾರಿಕೊಂಡರು. ಆಗ ಅಡುಗೆಮನೆಯಿಂದ ಅತ್ತೆಯ ದನಿ ಬಂತು. "ಅವ್ನು ಹೋಗ್ದಿದ್ರೆ ಬಿಡ್ಲಿ, ನಾನು ಹೋಗ್ತೀನಿ."

ಎಪ್ಪತ್ತೆರಡು ವರ್ಷದ ಹೆಂಗಸು. ತವರು ಸೊರಬದಿಂದ ಶಿಕಾರಿಪುರಕ್ಕೆ ಸೊಸೆಯಾಗಿ ಬಂದದ್ದೇ ಅವರ ದೊಡ್ಡ ಪ್ರಯಾಣ. ಆದರೂ ಒಂದು ಮಾತು ಆಡಿದರೆ ಮುಗಿಯಿತು, ಅದು ಕಲ್ಲಿನ ಮೇಲೆ ಬರೆದಂತೆ.

ಮೂರನೆಯ ದಿನ ನಮ್ಮನ್ನು ಹಡಗಿನಲ್ಲಿ ಒಂದು ದ್ವೀಪಕ್ಕೆ ಕರೆದೊಯ್ದು, ಸಂಜೆಯವರೆಗೆ ಬಿಟ್ಟರು. ಉಳಿದ ಡೀಲರ್‌ಗಳು ಸಮುದ್ರಸ್ನಾನಕ್ಕೆ ಓಡಿದರು. "ಗಂಡಸರು ಚಡ್ಡೀಲಿ ಕುಣಿಯೋದು ನೋಡಾಕೆ ಇಷ್ಟು ದೂರ ಬರ್ಬೇಕಿತ್ತಾ? ಊರು ನೋಡಾಣ ನಡಿ" ಎಂದರು ಅತ್ತೆ. ಹಾಗೆ ನಾವಿಬ್ಬರು ಕಾಲ್ನಡಿಗೆಯಲ್ಲಿ ಹೊರಟೆವು.

ಊರೆಲ್ಲ ಬೆಳ್ಳಗೆ. ಗೋಡೆ ಬಿಳಿ, ಕಟ್ಟೆ ಬಿಳಿ, ಮೆಟ್ಟಿಲಿನ ಅಂಚಿಗೂ ಸುಣ್ಣ. ರಸ್ತೆ ಎನ್ನುವುದೇ ಇಲ್ಲ, ಬರೀ ಮೆಟ್ಟಿಲು. ಒಂದೊಂದು ಮೆಟ್ಟಿಲಿಗೂ ಒಂದು ಬೆಕ್ಕು. "ಇಲ್ಲಿಯೋರಿಗೆ ದಿನಾ ಹಬ್ಬನೇನೆ? ನಾವು ವರ್ಷಕ್ಕೊಂದ್ಸಲ ಸುಣ್ಣ ಹೊಡಿಯೋದ್ರೊಳಗೆ ಸೊಂಟ ಬಿದ್ದೋಗತ್ತೆ" ಎಂದು ಅತ್ತೆ ಗೋಡೆಗಳನ್ನು ಸವರಿ ಸವರಿ ನೋಡಿದರು, ಬೆರಳಿಗೆ ಸುಣ್ಣ ಹತ್ತುತ್ತದೋ ಇಲ್ಲವೋ ಎಂದು. ಒಂದು ಹೋಟೆಲಿನ ಮುಂದೆ ತಂತಿಯ ಮೇಲೆ ಏನನ್ನೋ ಒಣಗಹಾಕಿದ್ದರು. ಬಟ್ಟೆಯಿರಬೇಕೆಂದು ಹತ್ತಿರ ಹೋದ ಅತ್ತೆ ಆಕ್ಟೋಪಸ್ಸಿನ ಎಂಟು ಕಾಲು ಕಂಡು ಮೂಗಿಗೆ ಸೆರಗು ಹಿಡಿದು, ಅಲ್ಲಿಂದ ಮುಂದೆ ನನಗಿಂತ ಜೋರಾಗಿ ನಡೆದರು. ಬೇಕರಿಯೊಂದರಲ್ಲಿ ಎಳ್ಳು ಹಚ್ಚಿದ ಬಳೆಯಂಥ ಎರಡು ರೊಟ್ಟಿ ಕೊಂಡೆವು. ಗುಡ್ಡದ ತುದಿಯ ಪುಟ್ಟ ಚರ್ಚಿನಲ್ಲಿ ತಂಪಿಗೆ ಸ್ವಲ್ಪ ಹೊತ್ತು ಕೂತೆವು. ಬಿಸಿಲಿನಿಂದ ಹೋಗಿದ್ದಕ್ಕೆ ಒಳಗೆ ಕಣ್ಣಿಗೆ ಏನೂ ಕಾಣಲಿಲ್ಲ. ಅತ್ತೆಗೆ ಒಂದು ಕೋಳಿನಿದ್ದೆ ಆಯಿತು, ನನಗೂ ಅಷ್ಟೇ.

ಮಧ್ಯಾಹ್ನ ಬಂದರಿನ ಕಟ್ಟೆಯ ಮೇಲೆ ಕೂತು ರೊಟ್ಟಿಯ ಕಾಗದ ಬಿಚ್ಚಿದೆವು. ತುತ್ತೆತ್ತುವ ಮುಂಚೆ ಕೊರಳಿಗೆ ಕೈ ಹೋಗುವುದು ನಮ್ಮ ಮನೆತನದ ಅಭ್ಯಾಸ. ಇಷ್ಟಲಿಂಗವಿಟ್ಟ ಬೆಳ್ಳಿಯ ಕರಡಿಗೆಯನ್ನು ಮುಟ್ಟಿ ನಮಸ್ಕರಿಸಿ ಆಮೇಲೆ ಊಟ. ಕೈ ಹೋಯಿತು, ಕರಡಿಗೆ ಸಿಗಲಿಲ್ಲ. ದಾರ ಹರಿದು ಎಲ್ಲೋ ಬಿದ್ದುಹೋಗಿತ್ತು.

ನಿಜ ಹೇಳಬೇಕೆಂದರೆ ನಾನೇನೂ ಮಹಾ ಭಕ್ತೆಯಲ್ಲ. ಬೆಳಗಿನ ನನ್ನ ಪೂಜೆ ಕುಕ್ಕರಿನ ಎರಡು ಸೀಟಿಯೊಳಗೆ ಮುಗಿಯುತ್ತದೆ. ಆದರೆ ಮೈಮೇಲೆ ಲಿಂಗವಿಲ್ಲದೆ ಬಾಯಿಗೆ ತುತ್ತಿಲ್ಲ ಎನ್ನುವುದು ನಮ್ಮ ಮನೆಯ ಕಟ್ಟುಕಟ್ಟಳೆ. ಸುಮ್ಮನೆ ತಿಂದುಬಿಡೋಣ, ಊರಿಗೆ ಹೋಗಿ ಸ್ವಾಮಿಗಳಿಂದ ಇನ್ನೊಂದು ಕಟ್ಟಿಸಿಕೊಂಡರಾಯಿತು ಎಂದುಕೊಂಡೆ. ಅಷ್ಟರಲ್ಲಿ ನನ್ನ ಕೈ ಕೊರಳಲ್ಲೇ ನಿಂತದ್ದು ಅತ್ತೆಗೆ ಕಂಡಿತು. ಅವರು ತಮ್ಮ ರೊಟ್ಟಿಯನ್ನು ಮತ್ತೆ ಕಾಗದದಲ್ಲಿ ಸುತ್ತಿದರು.

"ನೀವು ತಿನ್ರಿ ಅತ್ತೆಮ್ಮ. ಬೆಳಿಗ್ಗೆ ಸಕ್ಕರೆ ಕಾಯ್ಲೆ ಗುಳಿಗೆ ನುಂಗೀರಿ" ಎಂದೆ.

"ಸೊಸೆ ಉಪವಾಸ ಇದ್ದಾಗ ಅತ್ತೆ ಉಂಡ್ಲು ಅಂತ ಅನ್ನಿಸ್ಕೊಳ್ಲಾ?"

"ಇಲ್ಲಿ ಯಾರು ಅಂತಾರೆ, ಬೆಕ್ಕುಗಳಾ?"

"ನಾನೇ ಅಂತೀನಿ. ನಡಿ, ಹುಡುಕಾಣ."

ಹಿಂದೊಮ್ಮೆ ನೆಂಟರ ಮದುವೆಯಲ್ಲಿ ಊಟದ ಪಂಕ್ತಿ ತಡವಾಗಿ, ಇವರು ಕೂತಲ್ಲೇ ಬೆವತು ಕುಸಿದಿದ್ದರು. ಗುಳಿಗೆ ನುಂಗಿ ಹೊತ್ತಿಗೆ ತಿನ್ನದಿದ್ದರೆ ಸಕ್ಕರೆ ಪಾತಾಳಕ್ಕೆ ಇಳಿಯುತ್ತದೆ ಎಂದು ಡಾಕ್ಟರು ಆಗಲೇ ಎಚ್ಚರಿಸಿದ್ದರು. ಕರಡಿಗೆ ಸಿಗಬೇಕು, ಇಲ್ಲವೇ ಈ ಹಟಮಾರಿ ಹೆಂಗಸು ನನ್ನ ಕೈಯಲ್ಲೇ ಬೀಳಬೇಕು.

ಬಂದ ದಾರಿಯಲ್ಲೇ ವಾಪಸ್ ಹೊರಟೆವು. ಬೆಳಿಗ್ಗೆ ಕಣ್ಣಿಗೆ ಹಬ್ಬವಾಗಿದ್ದ ಬಿಳುಪು ಈಗ ಕಣ್ಣು ಚುಚ್ಚುತ್ತಿತ್ತು. ಎಂಟು ಕಾಲಿನ ಹೋಟೆಲಿನವನಿಗೆ ನಾನು ಕೊರಳು ತೋರಿಸಿ, ಬೆರಳಲ್ಲಿ ಮೊಟ್ಟೆಯಾಕಾರ ಬರೆದು ಕೇಳಿದೆ. ಪುಣ್ಯಾತ್ಮ ಒಳಗೆ ಹೋಗಿ ತಟ್ಟೆಯಲ್ಲಿ ಒಂದು ಬೆಂದ ಮೊಟ್ಟೆ ತಂದಿಟ್ಟ. ಅತ್ತೆ ನಕ್ಕರು, ಆದರೆ ನಗುವಿನಲ್ಲಿ ಜೀವವಿರಲಿಲ್ಲ. ಬೇಕರಿಯವಳು ಕೌಂಟರಿನ ಕೆಳಗೆಲ್ಲ ಬಗ್ಗಿ ನೋಡಿ ತಲೆಯಾಡಿಸಿದಳು. ಗುಡ್ಡದ ಮೆಟ್ಟಿಲು ಅರ್ಧ ಹತ್ತುವಾಗ ಅತ್ತೆಯ ಕೈ ನಡುಗತೊಡಗಿತು.

"ನಿಮ್ಮ ಕಾಲಿಗೆ ಬೀಳ್ತೀನಿ, ಒಂದು ಚೂರು ಬಾಯಿಗೆ ಹಾಕ್ಕೊಳ್ರಿ."

"ಬಾಯಿ ಮುಚ್ಚಿ ಹುಡುಕು."

ಅವರನ್ನು ನೆರಳಿನ ಮೆಟ್ಟಿಲ ಮೇಲೆ ಕೂರಿಸಿ, ಸೀರೆ ಎತ್ತಿ ಕಟ್ಟಿ ಚರ್ಚಿಗೆ ಓಡಿದೆ. ಒಳಗೆ ಕಪ್ಪು ಬಟ್ಟೆಯ ಮುದುಕಿಯೊಬ್ಬಳು ನೆಲಕ್ಕೆ ಬಿದ್ದ ಮೇಣ ಕೆರೆಯುತ್ತಿದ್ದಳು. ಕತ್ತಲಿಗೆ ಕಣ್ಣು ಹೊಂದಿಕೊಂಡಂತೆ ದೇವಮಾತೆಯ ಪಟ ಕಾಣಿಸಿತು. ಪಟದ ಮುಂದೆ ದಾರ ಕಟ್ಟಿ ಬೆಳ್ಳಿಯ ಕಣ್ಣು, ಕೈ, ಕಾಲು, ಪುಟ್ಟ ಕೂಸು, ಸಾಲಾಗಿ ತೂಗುಬಿಟ್ಟಿದ್ದರು. ನಮ್ಮ ಕಡೆ ದೇವರಿಗೆ ಬೆಳ್ಳಿ ಕಣ್ಣು ಒಪ್ಪಿಸುತ್ತೇವಲ್ಲ, ಅದೇ ಹರಕೆ. ಆ ಸಾಲಿನ ನಡುವೆ ನನ್ನ ಕರಡಿಗೆ ಗುಂಡಗೆ ಹೊಳೆಯುತ್ತಿತ್ತು. ಯಾರದೋ ಹರಕೆ ಉದುರಿ ಬಿದ್ದಿದೆ ಎಂದು ಮುದುಕಿ ಎತ್ತಿ ತೂಗುಹಾಕಿದ್ದಳು.

ಖುಷಿಯಲ್ಲಿ ಕೈ ಹಾಕಿದೆ. ಪಟ್ಟನೆ ಕೈಮೇಲೆ ಏಟು ಬಿತ್ತು. ತಪ್ಪು ಅವಳದಲ್ಲ. ಹರಕೆ ಕದಿಯುವವಳನ್ನು ನಮ್ಮೂರಲ್ಲಾದರೆ ಸುಮ್ಮನೆ ಬಿಡುತ್ತಾರೆಯೇ? ನಾನು ಕನ್ನಡದಲ್ಲಿ, ಅವಳು ಅವಳ ಭಾಷೆಯಲ್ಲಿ ಜಗಳ ಶುರುವಾಯಿತು. ಅಷ್ಟರಲ್ಲಿ ಗೋಡೆ ಹಿಡಿದುಕೊಂಡು ಅತ್ತೆ ಒಳಗೆ ಬಂದರು. ತಮ್ಮ ಕರಡಿಗೆಯನ್ನು ಸೆರಗಿನಿಂದ ಹೊರತೆಗೆದು ಮುದುಕಿಗೆ ತೋರಿಸಿದರು. ಮುದುಕಿ ಅದನ್ನು ನೋಡಿದಳು, ಪಟದ ಮುಂದಿನದನ್ನು ನೋಡಿದಳು. ಆಮೇಲೆ ತನ್ನ ಕೊರಳಿನ ಶಿಲುಬೆಯನ್ನು ಎಳೆದು ಅತ್ತೆಗೆ ತೋರಿಸಿದಳು. ನನ್ನ ಕರಡಿಗೆಯನ್ನು ಪಟದ ದಾರದಿಂದ ಬಿಚ್ಚಿ, ಅದಕ್ಕೊಂದು ಮುತ್ತಿಟ್ಟು ಕೈಗೆ ಕೊಟ್ಟಳು. ಕಟ್ಟಿಕೊಳ್ಳಲು ಕೆಂಪು ದಾರವನ್ನೂ ಕೊಟ್ಟಳು.

"ನಮ್ಮ ಲಿಂಗಕ್ಕೆ ಮುತ್ತು ಕೊಟ್ಲಲ್ಲೆ" ಎಂದು ಅತ್ತೆ ಬೆರಗಾದರು.

ಚರ್ಚಿನ ಹೊರಗಿನ ಕಟ್ಟೆಯಲ್ಲಿ ಲಿಂಗಕ್ಕೆ ನೀರೆರೆದು, ಹಣೆಗೊತ್ತಿಕೊಂಡು, ಕಟ್ಟಿಕೊಂಡೆ. ಆಗ ಅತ್ತೆ ರೊಟ್ಟಿ ಮುರಿದರು. ಮುದುಕಿ ಜೇನು ತಂದು ಅದರ ಮೇಲೆ ಸುರಿದಳು. ಹತ್ತು ನಿಮಿಷಕ್ಕೆ ಕೈ ನಡುಕ ನಿಂತಿತು. ಅದು ನಿಂತದ್ದೇ ತಡ, ನನ್ನ ಸಿಟ್ಟೆಲ್ಲ ಹೊರಬಂತು.

"ಸಿಗದೇ ಹೋಗಿದ್ರೆ ಏನ್ ಮಾಡ್ತಿದ್ರಿ? ಇಲ್ಲೇ ಜೀವ ಬಿಡ್ತಿದ್ರಾ?"

"ಇಲ್ಲಿ ತನಕ ನೋಡಾಣ ಅನ್ಕೊಂಡಿದ್ದೆ" ಎಂದರು ಅತ್ತೆ, ತುಟಿಯ ಜೇನು ಒರೆಸಿಕೊಳ್ಳುತ್ತ. "ಇಲ್ಲೂ ಸಿಗ್ದಿದ್ರೆ ನಂದೇ ಬಿಚ್ಚಿ ನಿನ್ ಕೊರಳಿಗೆ ಕಟ್ಟಿ ಉಣ್ಣಿಸ್ತಿದ್ದೆ."

"ಆಮೇಲೆ ನೀವು?"

"ನಂಗೆ ಉಪವಾಸ ಹೊಸದಲ್ಲ. ಹಸಿವು ತಡಿಯೋಳಲ್ಲ ನೀನು."

ಅತ್ತೆ ಹಸುಗೂಸಾಗಿದ್ದಾಗ ಕಟ್ಟಿದ ಲಿಂಗವದು. ಅವರ ಜೊತೆಗೇ ಮಣ್ಣಿಗೆ ಹೋಗಬೇಕಾದದ್ದು. ನನ್ನ ಒಂದು ಹೊತ್ತಿನ ಊಟಕ್ಕೆ ಅದನ್ನು ಬಿಚ್ಚಿ ಕೊಡಲು ಹೊರಟಿದ್ದರು. ಬಾಯ್ತುಂಬ ರೊಟ್ಟಿಯಿತ್ತು, ಕಣ್ಣಲ್ಲಿ ನೀರು ಬರುತ್ತಿತ್ತು. ಅತ್ತೆ ತಮ್ಮ ಪಾಲಿನಲ್ಲಿ ಅರ್ಧ ಮುರಿದು ನನ್ನ ಮಡಿಲಿಗೆ ಹಾಕಿದರು.