ಈ ದಾರಿ ಈಗ ಇಲ್ಲ

ಕಿಶನನ ಹಳೆಯ ಫೋನು ಈಗ ನನ್ನ ಮನೆಯ ಕಪಾಟಿನಲ್ಲಿದೆ. ಅದನ್ನು ಚಾರ್ಜಿಗೆ ಹಾಕುವಾಗಲೆಲ್ಲ ನನಗೆ ಹೆದರಿಕೆಯಾಗುತ್ತದೆ. ಬ್ಯಾಟರಿ ಉಬ್ಬಿದೆ. ಹಾಕದೆ ಬಿಟ್ಟರೆ ಒಂದು ದಿನ ಅದು ಏಳುವುದೇ ಇಲ್ಲ, ಹಾಕಿದರೆ ಹೊತ್ತಿಕೊಂಡೀತು. ಆ ಮಾದರಿಯ ಬ್ಯಾಟರಿ ಈಗ ಸಿಗುವುದಿಲ್ಲ. ಇಂಥದ್ದಕ್ಕೆಲ್ಲ ನಾನು ಹುಡುಕಿಕೊಂಡು ಹೋಗುತ್ತಿದ್ದುದು ಕಿಶನನನ್ನೇ. ಈ ಮಳೆಗಾಲದಲ್ಲಿ ಇಲಿಜ್ವರ ಬಂದು ಅವನು ಕಾರವಾರದ ಆಸ್ಪತ್ರೆಯಲ್ಲಿ ತೀರಿಕೊಂಡ.

ಆ ಫೋನಿನೊಳಗೆ ಒಂದು ಆಟವಿದೆ. ಅದನ್ನು ಮಾಡಿದವನು ಕಿಶನ. ಬೇರೆಲ್ಲೂ ಉಳಿಯದಂತೆ ಅಳಿಸಿದವನೂ ಅವನೇ.

ನಾವಿಬ್ಬರೂ ಅಂಕೋಲೆಯಲ್ಲಿ ಒಂದೇ ಶಾಲೆಯಲ್ಲಿ ಓದಿದವರು. ನಾನು ಕಾರವಾರದ ಕಾಲೇಜೊಂದರ ಗ್ರಂಥಾಲಯಕ್ಕೆ ಸೇರಿದೆ. ಅವನು ಡಿಪ್ಲೊಮಾ ಅರ್ಧಕ್ಕೆ ಬಿಟ್ಟು ಅಂಕೋಲೆಯ ಬಸ್‌ಸ್ಟ್ಯಾಂಡಿನ ಹತ್ತಿರ ಮೊಬೈಲ್ ರಿಪೇರಿ ಅಂಗಡಿ ಇಟ್ಟ. ಮನೆ ಮಂಜಗುಣಿಯಲ್ಲಿ, ಗಂಗಾವಳಿ ನದಿ ಕಡಲು ಸೇರುವ ಅಳಿವೆಯ ಪಕ್ಕ. ಅವನ ಅಪ್ಪ ಪುಂಡಲೀಕ ಆ ದಡದ ಹೆಸರಾದ ತಾಂಡೇಲ, ದೋಣಿ ನಡೆಸುವ ಮುಖಂಡ. ಅಳಿವೆಯ ಬಾಯಲ್ಲಿ ನೀರಿನಡಿಗೆ ಮರಳ ದಿಬ್ಬವಿದೆ. ಅದರ ನಡುವೆ ಒಂದೇ ಕಡೆ ಆಳದ ದಾರಿ. ಅದು ತಪ್ಪಿದರೆ ಅಲೆ ದೋಣಿಯನ್ನು ಎತ್ತಿ ಮಗುಚುತ್ತದೆ. ಮುಸ್ಸಂಜೆ ಬರುವ ದೋಣಿಗಳಿಗಾಗಿ ಪುಂಡಲೀಕ ದಡದ ಗಾಳಿಮರಕ್ಕೆ ಲಾಟೀನು ಕಟ್ಟುತ್ತಿದ್ದ. ಹಿಂದೆ ದೂರದಲ್ಲಿ ಮೊಬೈಲ್ ಟವರಿನ ಕೆಂಪು ದೀಪ. ಲಾಟೀನು ಕೆಂಪು ದೀಪದ ನೇರ ಕೆಳಗೆ ಕಾಣುವಂತೆ ದೋಣಿ ನಡೆಸಿದರೆ ದಾರಿ ಸಿಕ್ಕಿತು. ಮಂಡಿನೋವಿನಿಂದ ಕಡಲಿಗಿಳಿಯುವುದು ನಿಂತ ಮೇಲೆ ಅವನು ದಡದಲ್ಲೇ ಕುಳಿತು, ತಪ್ಪು ಮಾಡಿದವರನ್ನೆಲ್ಲ ಬೈಯುತ್ತಿದ್ದ.

ಕಿಶನ ಅದನ್ನೇ ಆಟ ಮಾಡಿದ. ಕಡಲಿನಿಂದ ದೋಣಿಯನ್ನು ದಡಕ್ಕೆ ತರಬೇಕು. ದಿಬ್ಬಕ್ಕೆ ಬಡಿದರೆ ಪುಂಡಲೀಕನ ಧ್ವನಿ ಬರುತ್ತದೆ: "ಸತ್ತ್ಯಲ್ಲೋ ಬೇವರ್ಸಿ! ಮೀನು ತರೂಕೆ ಹೋದವ ಮೀನಿಗೇ ಊಟ ಆದ್ಯಲ್ಲೋ." ಸರಿಯಾಗಿ ಬಂದರೆ ಅವನು ಏನೂ ಹೇಳುವುದಿಲ್ಲ. ಬೈಗಳು ಕೇಳುವುದಕ್ಕೆಂದೇ ಊರವರು ದೋಣಿಯನ್ನು ಬೇಕೆಂದು ದಿಬ್ಬಕ್ಕೆ ಹೊಡೆಯುತ್ತಿದ್ದರು. ಪುಂಡಲೀಕ ತೀರಿಕೊಂಡ ಮೇಲೂ ಮಂಜಗುಣಿಯ ಜಗಲಿಗಳಲ್ಲಿ ಅವನು ಬೈಯುತ್ತಲೇ ಇದ್ದ.

ಕೆಲವು ವರ್ಷಗಳ ಮೇಲೆ ಆಪ್ ಸ್ಟೋರಿನಿಂದ ಸೂಚನೆ ಬಂತು. ಆಟ ಹಳತಾಗಿದೆ, ಹೊಸ ಫೋನುಗಳಿಗೆ ತಕ್ಕಂತೆ ತಿದ್ದದಿದ್ದರೆ ತೆಗೆಯುತ್ತೇವೆ ಎಂದು. ನನಗೆ ಸಿಟ್ಟು ಬಂತು. ಹಳೆಯ ಪುಸ್ತಕವನ್ನು ಯಾರಾದರೂ ಹೀಗೆ ಎಸೆಯುತ್ತಾರೆಯೇ ಎಂದೆ. ಕಿಶನ ಸಮಾಧಾನದಿಂದ ವಿವರಿಸಿದ. ಫೋನಿನ ಒಳಗಿನ ವ್ಯವಸ್ಥೆ ವರ್ಷವರ್ಷ ಬದಲಾಗುತ್ತದೆ. ಹಳೆಯ ಆಟ ಹಳೆಯ ಕಾನೂನಿನಂತೆ ಒಳಗೆ ಬರುತ್ತದೆ, ಅದರ ಹಿಂದೆ ಕಳ್ಳರೂ ನುಗ್ಗಬಹುದು. ಹೊಸ ಫೋನಿನ ಚಿಪ್‌ಗೆ ಅದರ ಭಾಷೆಯೇ ತಿಳಿಯುವುದಿಲ್ಲ, ತೆರೆದ ಕೂಡಲೇ ನಿಂತುಹೋಗುತ್ತದೆ. "ಕುಂಬಾದ ಹಳೇ ಬಲೆ ಅಂಗಡೀಲಿ ನೇತು ಹಾಕಿದ್ರೆ ತಕಂಡ ಹೋದವ ನಾಳೆ ಬಂದು ಯಾರಿಗೆ ಬೈಯ್ತಾ ಮಾರಾಯ? ಅಂಗಡಿಯವಗೇ ಅಲ್ವಾ?" ಎಂದ.

ತಿದ್ದುವ ದಾರಿ ಅವನಿಗಿರಲಿಲ್ಲ. ಆಟದ ಮೂಲ ಬರಹ, ಅಂದರೆ ಕೋಡು, ಇದ್ದ ಕಂಪ್ಯೂಟರು ನೆರೆಯಲ್ಲಿ ಮುಳುಗಿ ಹೋಗಿತ್ತು. ಉಳಿದದ್ದು ಸಿದ್ಧ ಆಟ ಮಾತ್ರ. ಸ್ಟೋರು ಅದನ್ನು ತೆಗೆಯಿತು. ಅಪ್ಪನ ಧ್ವನಿ ಬೇರೆಲ್ಲೂ ಇಲ್ಲವೆಂದು ಕಿಶನ ಆ ಆಟವನ್ನು ವಾಟ್ಸಾಪಿನಲ್ಲಿ ಊರಿನ ಮನೆಮನೆಗೂ ಕಳಿಸಿದ. ಹಳೆಯ ಫೋನುಗಳಲ್ಲಿ ಅದು ಚೆನ್ನಾಗಿಯೇ ನಡೆಯುತ್ತಿತ್ತು.

ಅವನ ತಂಗಿ ಬೇಬಿಯ ಗಂಡ ಉಮೇಶ ಮಾಜಾಳಿಯವನು. ಗೋವೆಯ ಹೋಟೆಲಿನಲ್ಲಿ ಅಡುಗೆ ಮಾಡುತ್ತಿದ್ದವನು ಕೆಲಸ ಹೋದ ಮೇಲೆ ಮಂಜಗುಣಿಗೆ ಬಂದು ಮಾವನ ದೋಣಿ ಹಿಡಿದ. ಮೊದಮೊದಲು ದಡದ ಗುರುತು ನೋಡದೆ ತಿಮ್ಮು ಎಂಬ ಹಳಬನ ದೋಣಿಯ ಹಿಂದೆ ಹಿಂದೆಯೇ ಹೋಗಿ ಬರುತ್ತಿದ್ದ.

ಮಳೆಗಾಲ ಮುಗಿದ ಹೊಸದರಲ್ಲಿ ಒಂದು ಭಾನುವಾರ ನಾನು ಕಿಶನನ ಅಂಗಡಿಯಲ್ಲಿದ್ದೆ. ಸಂಜೆಯಾಗುತ್ತಿತ್ತು, ಗಾಳಿ ಎದ್ದಿತ್ತು. ಬೇಬಿ ಫೋನು ಮಾಡಿದಳು. ತಿಮ್ಮುವಿಗೆ ಜ್ವರ, ಉಮೇಶ ಒಬ್ಬನೇ ಹೋಗಿದ್ದಾನೆ ಎಂದಳು. ಕಿಶನ ಎದ್ದು ನಿಂತ. ಅಂವಗೆ ದಾರಿ ಗೊತ್ತುಂಟಾ ಎಂದು ಕೇಳಿದ.

"ಗೊತ್ತಿಲ್ದೆ ಎಂತ? ಮಳೆಗಾಲ ಪೂರಾ ಅಪ್ಪನ ಆಟ ಆಡ್ಯಾರೆ. ಈಗ ಒಂದು ಬೈಗಳವೂ ಬೀಳೂದಿಲ್ಲ. ನಾ ಗಾಳಿಮರಕ್ಕೆ ದೀಪನೂ ಕಟ್ಟಿದೆ, ಆಟದಲ್ಲಿದ್ದಂಗೇ."

ಕಿಶನ ಬೈಕಿನ ಕೀಲಿ ಎತ್ತಿಕೊಂಡ. ಆಟದಲ್ಲಿದ್ದದ್ದು ಅವನಪ್ಪನ ಕಾಲದ ದಾರಿ. ಕಂಪ್ಯೂಟರು ಮುಳುಗಿಸಿದ ಆ ನೆರೆ ಬಂದ ಮೇಲೆ ದಿಬ್ಬ ಸರಿದಿತ್ತು, ಆಳದ ದಾರಿ ತೆಂಕಕ್ಕೆ ಹೋಗಿತ್ತು. ದಡದವರಿಗೆಲ್ಲ ಅದು ಎಷ್ಟು ಗೊತ್ತಿದ್ದ ಸಂಗತಿಯೆಂದರೆ ಯಾರೂ ಅದನ್ನು ಉಮೇಶನಿಗೆ ಹೇಳಿರಲಿಲ್ಲ. ಮಧ್ಯಾಹ್ನ ಅವನು ಹೋಗುವಾಗ ಭರತ, ಕಡಲು ಉಬ್ಬಿ ದಿಬ್ಬದ ಮೇಲೂ ನೀರು. ಈಗ ಇಳಿತ.

ಬೈಕು ಅವನು ಓಡಿಸಿದ. ಹಿಂದೆ ಕುಳಿತು ಉಮೇಶನಿಗೆ ಫೋನು ಹಚ್ಚಿದೆ. ಸಿಗಲಿಲ್ಲ.

ದಡಕ್ಕೆ ಮುಟ್ಟಿದಾಗ ಕತ್ತಲು ಇಳಿಯುತ್ತಿತ್ತು. ದೋಣಿ ಕಂಡಿತು. ಅತ್ತಿತ್ತ ಅಲುಗದೆ ಗಾಳಿಮರದ ದೀಪಕ್ಕೆ ನೇರವಾಗಿ ಬರುತ್ತಿತ್ತು. ಒಂದು ತಪ್ಪೂ ಇಲ್ಲದೆ ಆಡುತ್ತಿದ್ದ ಉಮೇಶ. ಅವನ ಮುಂದೆ, ಹಳೆಯ ದಾರಿಯಿದ್ದಲ್ಲಿ, ಅಲೆ ಬೆಳ್ಳಗೆ ಒಡೆಯುತ್ತಿತ್ತು. ಬೇಬಿ ಮರದ ಕೆಳಗೆ ನಗುತ್ತ ನಿಂತಿದ್ದಳು. ನಾನು ಕೂಗಿದೆ. ಗಾಳಿ ನನ್ನ ಕೂಗನ್ನು ನನ್ನ ಬಾಯಿಗೇ ತುರುಕಿತು.

ಕಿಶನ ಹೋದವನೇ ಮರದಿಂದ ದೀಪ ಬಿಚ್ಚಿದ. ಬೇಬಿ ಅವನ ಕೈಗೆ ಜೋತುಬಿದ್ದಳು.

"ಅಣ್ಣ, ದೀಪ ತೆಗೀಬೇಡ! ಅವ್ರಿಗೆ ಎಂತ ಕಾಣ್ತದೆ?"

"ಅದು ಆಟದ ದಾರಿ, ಬೇಬಿ. ಆ ದಾರಿ ಈಗ ಇಲ್ಲ. ಬಿಡು."

ದೀಪವನ್ನು ಎದೆಯ ಮಟ್ಟಕ್ಕೆ ಹಿಡಿದು, ಕಡಲಿಗೆ ಮುಖ ಮಾಡಿ, ಅವನು ತೆಂಕಕ್ಕೆ ನಡೆಯತೊಡಗಿದ. ಓಡು ಎಂದೆ. ಓಡಲಿಲ್ಲ. ಆಟ ಮಾಡುವಾಗ ಅವನು ಕಂಡುಕೊಂಡಿದ್ದ ಸಂಗತಿ ಅದು: ಗುರುತು ತಟ್ಟನೆ ಹಾರಿದರೆ ಆಡುವವನು ಕಕ್ಕಾಬಿಕ್ಕಿಯಾಗುತ್ತಾನೆ, ಮೆಲ್ಲನೆ ಸರಿದರೆ ತನಗೇ ತಿಳಿಯದೆ ಹಿಂಬಾಲಿಸುತ್ತಾನೆ. ದೀಪ ಸರಿದರೆ ಎರಡು ದೀಪಗಳು ಒಂದರ ಕೆಳಗೊಂದು ಕಾಣುವ ಗೆರೆಯೂ ಸರಿಯುತ್ತದೆ, ಅದನ್ನು ಹಿಡಿಯಲು ದೋಣಿಯೂ ತೆಂಕಕ್ಕೆ ಬರಬೇಕು. ದೋಣಿ ದಿಬ್ಬಕ್ಕೆ ಹತ್ತಿರವಾಗುತ್ತಿತ್ತು, ಕಿಶನ ಹೆಣದ ಮುಂದೆ ನಡೆಯುವವನಂತೆ ಹೆಜ್ಜೆ ಇಡುತ್ತಿದ್ದ. ಅವನ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. "ತಿರುಗು, ತಿರುಗು" ಎಂದು ಪಿಸುಗುಡುತ್ತಿದ್ದ. ಬೇಬಿ ಬಾಯಿಗೆ ಸೆರಗು ತುರುಕಿಕೊಂಡು ನಮ್ಮ ಹಿಂದೆ ಬರುತ್ತಿದ್ದಳು.

ದೋಣಿ ತಿರುಗಲಿಲ್ಲ. ಒಂದು ಅಲೆ ಅದನ್ನು ಮುಚ್ಚಿತು. ಎದ್ದಾಗ ಮೂತಿ ತುಸು ತೆಂಕಕ್ಕಿತ್ತು. ಮತ್ತೆ ತುಸು. ಕಿಶನ ನಿಲ್ಲದೆ ನಡೆದ. ಇಂಜಿನ್ ಮರಳಿಗೆ ತಾಗಿ ಕಿರುಚಿದ್ದು ನಮಗೆಲ್ಲ ಕೇಳಿತು. ಆಮೇಲೆ ದೋಣಿ ಒಮ್ಮೆಲೇ ಸಮವಾಯಿತು, ಒಳನೀರಿಗೆ ಬಂದಿತ್ತು.

ಉಮೇಶ ಇಳಿದು ಬಂದ. ಮೈಯೆಲ್ಲ ಒದ್ದೆ. ಏನಾಯಿತೆಂದು ಅವನಿಗೆ ಗೊತ್ತೇ ಇರಲಿಲ್ಲ. "ದೀಪ ಸರೀತು, ನಾನೂ ಸರಿಸ್ದೆ. ನೋಡು ಭಾವ, ಮಾವ ಬೈಲೇ ಇಲ್ಲ," ಎಂದು ನಕ್ಕ. ಕಿಶನ ದೀಪ ಆರಿಸಿ ಮರಳಿನ ಮೇಲೆ ಕುಳಿತ.

ಮರುದಿನದಿಂದ ಅವನು ಮನೆಮನೆಗೆ ಹೋಗಿ ಆಟ ಅಳಿಸಿದ. ಯಾರೂ ಸುಮ್ಮನೆ ಫೋನು ಕೊಡಲಿಲ್ಲ. ಪಕ್ಕದ ಮನೆಯ ಮುದುಕಿ ಗಂಗಿ, "ಮದ್ವೆ ಆಗಿ ಬಂದಾಗಿಂದ ಅಂವನ ಬೈಗಳ ತಿಂದೇ ಬದ್ಕಿದೆ. ಸತ್ತ ಮೇಲೂ ಬೈಯ್ತಾನೆ ಅಂತ ಇದ್ದೆ. ಅದನ್ನೂ ಕಸ್ಕಂತ್ಯಾ?" ಎಂದಳು. ಕೊನೆಗೆ ಎಲ್ಲರೂ ಒಂದೊಂದು ಸಲ ದೋಣಿಯನ್ನು ದಿಬ್ಬಕ್ಕೆ ಹೊಡೆದು, ಬೈಸಿಕೊಂಡು, ಆಮೇಲೆ ಕೊಟ್ಟರು. ಅಪ್ಪ ಅಷ್ಟು ಸಲ ಬೈದದ್ದನ್ನು ಕೇಳುತ್ತ ಕಿಶನ ತಲೆ ತಗ್ಗಿಸಿ ನಿಂತಿರುತ್ತಿದ್ದ.

ತನ್ನ ಹಳೆಯ ಫೋನಿನಲ್ಲಿ ಮಾತ್ರ ಉಳಿಸಿಕೊಂಡ. ಆದರೆ ಆ ಹೆದರಿಕೆ ಅವನನ್ನು ಬಿಡಲಿಲ್ಲ. ಎಲ್ಲಾದರೂ ಒಂದು ಪ್ರತಿ ಉಳಿದಿರಬಹುದು, ಯಾರೋ ಕಲಿಯುತ್ತಿರಬಹುದು ಎಂದು ಗಾಳಿ ಎದ್ದ ಸಂಜೆಗಳಲ್ಲೆಲ್ಲ ಅಂಗಡಿ ಮುಚ್ಚಿ ದಡಕ್ಕೆ ಹೋಗುತ್ತಿದ್ದ. ಆಸ್ಪತ್ರೆಯಲ್ಲಿ ಫೋನನ್ನು ನನ್ನ ಕೈಗಿಟ್ಟು, ಇದನ್ನು ಇಡು, ಯಾರಿಗೂ ಕಳಿಸಬೇಡ ಎಂದ.

ಕಳೆದ ವಾರ ಬೇಬಿ, ಉಮೇಶ ಬಂದಿದ್ದರು. ಬೇಬಿ ಆಟ ತೆರೆದು ದೋಣಿಯನ್ನು ದಿಬ್ಬಕ್ಕೆ ಬಿಟ್ಟಳು. ಪುಂಡಲೀಕ ಬೈದ. ಅವಳು ಫೋನನ್ನು ಕಿವಿಗೆ ಒತ್ತಿ ಹಿಡಿದಳು. ಮತ್ತೆ ಬಿಟ್ಟಳು, ಮತ್ತೆ ಬೈದ. ಆಮೇಲೆ ನನ್ನ ಕಿವಿಗೆ ಹಿಡಿದಳು. ಬೈಗಳು ಮುಗಿಯುವಲ್ಲಿ, ತೀರ ಹಿಂದೆ, ತಡೆದುಕೊಂಡ ಒಂದು ನಗು ಇದೆ. ಅಪ್ಪನ ಧ್ವನಿ ರೆಕಾರ್ಡು ಮಾಡಿಕೊಳ್ಳುತ್ತಿದ್ದ ಕಿಶನ ನಕ್ಕದ್ದು. ನಾನು ಅಷ್ಟು ವರ್ಷ ಅದನ್ನು ಗಮನಿಸಿರಲಿಲ್ಲ. ದಿಬ್ಬಕ್ಕೆ ಬಡಿಯದೆ ಅದು ಕೇಳುವುದಿಲ್ಲ. ಉಮೇಶ ಎದ್ದು ಹೊರಗೆ ಹೋದ.

ಫೋನಿನ ಬೆನ್ನಿಗೆ ಕಿಶನ ಒಂದು ಚೀಟಿ ಅಂಟಿಸಿದ್ದಾನೆ. 'ಈ ದಾರಿ ಈಗ ಇಲ್ಲ' ಎಂದು ದೊಡ್ಡ ಅಕ್ಷರದಲ್ಲಿ ಬರೆದಿದ್ದಾನೆ. ಬ್ಯಾಟರಿ ಉಬ್ಬಿದಂತೆ ಚೀಟಿಯ ಅಂಚು ಏಳುತ್ತಿದೆ. ನಾನು ಬೆರಳಿನಿಂದ ಒತ್ತಿ ಕೂರಿಸುತ್ತೇನೆ, ಚಾರ್ಜಿಗೆ ಹಾಕುತ್ತೇನೆ, ಪಕ್ಕದಲ್ಲಿ ಕುಳಿತು ಕಾಯುತ್ತೇನೆ.