ಒಂದೇ ರೋಲರ್, ಎರಡು ಮುಹೂರ್ತ

ನನಗೆ ಇವತ್ತಿಗೂ ರೋಡ್ ರೋಲರ್ ಕಂಡರೆ ನಾಚಿಕೆಯಾಗುತ್ತದೆ. ನಗಬೇಡಿ. ಕೆಲವರಿಗೆ ಮಲ್ಲಿಗೆ ದಂಡೆ ಕಂಡರೆ, ಕೆಲವರಿಗೆ ಶಹನಾಯಿ ಕೇಳಿದರೆ ತಮ್ಮ ಮದುವೆ ನೆನಪಾಗುತ್ತದಂತೆ. ನನಗೆ ಡೀಸೆಲ್ ಹೊಗೆ ಮೂಗಿಗೆ ಬಡಿದರೆ ಸಾಕು, ಕಿವಿ ಕೆಂಪಗಾಗುತ್ತವೆ. ಆ ಹೊತ್ತಿಗೆ ಹೆಂಡತಿ ಪಕ್ಕದಲ್ಲಿದ್ದರಂತೂ ನನ್ನ ಕಥೆ ಮುಗಿಯಿತು. ಅವಳು ಸೆರಗು ಬಾಯಿಗೆ ಒತ್ತಿಕೊಂಡು ಆ ಕಡೆ ತಿರುಗಿಬಿಡುತ್ತಾಳೆ.

ಎಪ್ಪತ್ತರ ದಶಕದ ಕೊನೆಯ ಮಾತು. ರಾಯಚೂರಿನ ಒಂದು ಕಚೇರಿಯಲ್ಲಿ ನಾನು ರಸ್ತೆ ಕೆಲಸದ ಓವರ್‌ಸಿಯರ್. ಮಾನ್ವಿಯ ಹತ್ತಿರ ಒಂದು ರಸ್ತೆ, ದೇವದುರ್ಗದ ಬಜಾರದಲ್ಲಿ ಒಂದು ರಸ್ತೆ, ಎರಡಕ್ಕೂ ಸೇರಿ ರೋಲರ್ ಒಂದೇ. ಈಗಿನವರು ಇಂಥ ಪೇಚಾಟಕ್ಕೆ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಎಂದು ಹೆಸರಿಟ್ಟು, ಬೋರ್ಡಿನ ಮೇಲೆ ಡಬ್ಬಿ ಬರೆದು, ಡಬ್ಬಿಯಿಂದ ಡಬ್ಬಿಗೆ ಬಾಣ ಎಳೆಯುತ್ತಾರೆ. ನಮ್ಮ ಸಾಹೇಬರು ಬಾಣ ಗೀಣ ಎಳೆದವರಲ್ಲ. ‘ಹೆಂಗರ ಮಾಡಿ ಮುಗಸ್ರಿ’ ಎಂದು ಹೇಳಿ ಚಹಾ ತರಿಸಿಕೊಳ್ಳುತ್ತಿದ್ದರು.

ನಮ್ಮ ದೇವರುಗಳನ್ನೇ ನೋಡಿ. ದೇವಿಗೆ ಹತ್ತು ಕೈ, ಬ್ರಹ್ಮನಿಗೆ ನಾಲ್ಕು ತಲೆ, ಆದಿಶೇಷನಿಗೆ ಹೆಡೆಗಳು ಸಾವಿರ. ಇಷ್ಟೆಲ್ಲ ಸಲಕರಣೆ ಇಟ್ಟುಕೊಂಡವರಿಗೆ ಯಾರಾದರೂ ಗಡುವು ಕೊಟ್ಟದ್ದನ್ನು ಪುರಾಣದಲ್ಲಿ ಕೇಳಿದ್ದೀರಾ? ಅವರಿಗೆ ಒಂದೊಂದು ಕೆಲಸಕ್ಕೆ ಒಂದೊಂದು ಯುಗ. ಎರಡೇ ಕೈಯ ಓವರ್‌ಸಿಯರನಿಗೆ ಮಾತ್ರ ಶುಕ್ರವಾರ ಸಂಜೆಯೊಳಗೆ ಎಂದು ಬರೆದು ಕಳಿಸುತ್ತಾರೆ. ಈ ಅನ್ಯಾಯದ ಬಗ್ಗೆ ಶಾಸ್ತ್ರಿಗಳನ್ನು ಕೇಳಬೇಕೆಂದಿದ್ದೆ, ಪುರುಸೊತ್ತೇ ಸಿಗಲಿಲ್ಲ.

ಆ ಶುಕ್ರವಾರ ಸಂಜೆ ಮಂತ್ರಿಗಳು ದೇವದುರ್ಗಕ್ಕೆ ಬಂದು ಬಜಾರ ರಸ್ತೆಯ ರಿಬ್ಬನ್ ಕತ್ತರಿಸುವುದಿತ್ತು. ಅದೇ ದಿನ ಮುಂಜಾನೆ, ಅದೇ ಬಜಾರದ ಬಟ್ಟೆ ಅಂಗಡಿಯವರ ಮಗಳು ಗಿರಿಜೆಯೊಂದಿಗೆ ನನ್ನ ಮದುವೆ. ಮಂತ್ರಿಗಳ ಪ್ರವಾಸವನ್ನಾಗಲಿ ಪಂಚಾಂಗವನ್ನಾಗಲಿ ಅಲುಗಾಡಿಸುವ ತಾಕತ್ತು ನನ್ನಂಥವನಿಗೆ ಎಲ್ಲಿಯದು? ಅದರ ಮೇಲೆ ಸಾಹೇಬರದೊಂದು ಕರಾರು: ರಸ್ತೆ ಮುಗಿದರೆ ಮಾತ್ರ ರಜೆ. ಬಜಾರದಲ್ಲಿ ಜಲ್ಲಿ ಹಾಸಿ, ಮೇಲೆ ಗರಸು ಮಣ್ಣು ಹರವಿ ಆಗಿತ್ತು. ಉಳಿದದ್ದು ನೀರು ಹೊಡೆದು ಉರುಳಿಸುವುದೊಂದೇ. ಉರುಳಬೇಕಾದದ್ದು ಮಾನ್ವಿಯಲ್ಲಿ ನಿಂತಿತ್ತು.

ಇದಕ್ಕಿಂತ ದೊಡ್ಡ ಭಯ ಇನ್ನೊಂದಿತ್ತು. ಗಿರಿಜೆಗೆ ವೀರಣ್ಣ ಎಂಬ ಸೋದರಮಾವ. ನಮ್ಮ ಕಡೆ ಅಕ್ಕನ ಮಗಳನ್ನು ಕೇಳುವ ಮೊದಲ ಹಕ್ಕು ಸೋದರಮಾವನದು. ಹುಡುಗಿಯ ಅಪ್ಪ ಸರಕಾರಿ ನೌಕರಿಯ ಅಳಿಯ ಬೇಕೆಂದು ಅವನನ್ನು ಬಿಟ್ಟು ನನ್ನನ್ನು ಗೊತ್ತು ಮಾಡಿದ್ದರು. ವೀರಣ್ಣ ಸಿಟ್ಟಾಗಲಿಲ್ಲ, ಅದೇ ನನಗೆ ಹೆದರಿಕೆ. ‘ವರ ಹೊತ್ತಿಗೆ ಬರಲಿಲ್ಲಂದ್ರ ಯಾರೂ ಚಿಂತಿ ಮಾಡಬ್ಯಾಡ್ರಿ, ನಾ ಅದೀನಿ’ ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದನಂತೆ. ಹೊಸ ಜರಿ ರುಮಾಲು ಕೂಡ ತಂದಿಟ್ಟುಕೊಂಡಿದ್ದನಂತೆ. ಹುಡುಗಿ ನೋಡುವ ದಿನ ಗಿರಿಜೆ ಒಂದೇ ಒಂದು ಸಲ ಕಣ್ಣೆತ್ತಿ ನೋಡಿದ್ದಳು. ಆ ಒಂದು ನೋಟದ ಆಣೆಗೂ ಅವಳನ್ನು ಆ ರುಮಾಲಿಗೆ ಬಿಟ್ಟುಕೊಡುವ ಮನಸ್ಸು ನನಗಿರಲಿಲ್ಲ.

ಬುಧವಾರ ನಮ್ಮ ಮನೆಯವರೆಲ್ಲ ಬಸ್ಸು ಹತ್ತಿ ಮುಂದೆ ಹೋದರು. ನಾನು ರೋಲರ್ ಹತ್ತಿದೆ. ಅವ್ವ ಮಾನ್ವಿಯಲ್ಲೇ ಅರಿಷಿಣ ಹಚ್ಚಿ, ಬಾಸಿಂಗವನ್ನು ಬಟ್ಟೆಯಲ್ಲಿ ಸುತ್ತಿ ಕೈಗೆ ಕೊಟ್ಟಿದ್ದಳು. ಡ್ರೈವರ್ ಖಾಜಾಸಾಬ್ ನಿಧಾನವಾಗಿ ಗುಡಗುಡಿಸುವ ಯಂತ್ರಕ್ಕೆ ತಕ್ಕ ಶಾಂತ ಮನುಷ್ಯ. ಜೋರಾಗಿ ಹೋಗೋಣ ಎಂದರೆ, ಜೋರಾಗಿಯೇ ಹೊರಟಿದ್ದೇವೆ ಎಂದ. ಅಷ್ಟರಲ್ಲಿ ಒಂದು ಎಮ್ಮೆ ನಮ್ಮನ್ನು ಹಿಂದೆ ಹಾಕಿ ಹೋಯಿತು.

ಸುಗ್ಗಿಯ ಕಾಲ ಬೇರೆ. ಹಂತಿ ಹೊಡೆಯುವಾಗ ಎತ್ತಿಗೆ ಕಲ್ಲಿನ ಗುಂಡು ಕಟ್ಟಿ ಜೋಳದ ತೆನೆಯ ಮೇಲೆ ಉರುಳಿಸುವ ಊರುಗಳು ಅವು. ಅಲ್ಲಿಯವರ ಕಣ್ಣಿಗೆ ನಮ್ಮದು ರೋಲರ್ ಅಲ್ಲ, ಎತ್ತಿಲ್ಲದೆ ಓಡುವ ಭಾರೀ ಗುಂಡು. ಸಿರವಾರ ದಾಟುತ್ತಲೇ ಒಬ್ಬ ಮುದುಕಿ ದಾರಿಯ ತುಂಬ ತೆನೆ ಹರವಿ, ಒಂದು ಸಲ ಹಾಯಿಸಿ ಹೋಗಿ ಎಂದು ಅಡ್ಡ ನಿಂತಳು. ಬೇಡವೆಂದರೂ ಕೇಳಲಿಲ್ಲ. ಹಾಯಿಸಿದೆವು. ಕಾಳು ಬೇರೆಯಾಗುವ ಬದಲು ಬೀಸಿದ ಹಿಟ್ಟೇ ಆಗಿಹೋಯಿತು. ಮುದುಕಿ ಬೈಯುತ್ತಾಳೆಂದು ನಾನು ತಲೆ ತಗ್ಗಿಸಿದೆ. ಅವಳು ಆ ಹಿಟ್ಟನ್ನು, ನನ್ನ ಅರಿಷಿಣದ ಮುಖವನ್ನು ಒಂದರ ಬಳಿಕ ಒಂದು ನೋಡಿ, ‘ಯಪ್ಪಾ, ಮದುಮಗ ಹಸದು ಹೋಗಬಾರದು’ ಎಂದು ರೊಟ್ಟಿ, ಪುಂಡಿಪಲ್ಯ ತಂದಳು. ಸುದ್ದಿ ನಮಗಿಂತ ಮುಂದೆ ಓಡಿತು. ಆಮೇಲೆ ಪ್ರತಿ ಊರಿನಲ್ಲೂ ಒಂದು ಕಣ ತುಳಿಯುವುದು, ಒಂದು ಊಟ ಉಣ್ಣುವುದು. ಇಲ್ಲ ಎನ್ನಲು ಖಾಜಾಸಾಬನಿಗೆ ಬರುತ್ತಿರಲಿಲ್ಲ, ನನ್ನ ಬಾಯಲ್ಲಿ ರೊಟ್ಟಿ ಇರುತ್ತಿತ್ತು.

ಶುಕ್ರವಾರ ಮುಂಜಾನೆ ದೇವದುರ್ಗದ ಗುಡ್ಡ ಕಂಡಾಗ ನನ್ನ ಎದೆಯ ಬಡಿತ ಎಂಜಿನ್ನಿಗಿಂತ ಜೋರಾಗಿತ್ತು. ಮುಹೂರ್ತಕ್ಕೆ ಸ್ವಲ್ಪವೇ ಹೊತ್ತು. ಹಂದರದ ಕಡೆ ನೋಡುತ್ತೇನೆ, ವೀರಣ್ಣ ಜರಿ ರುಮಾಲು ಸುತ್ತಿ ಬಾಗಿಲಲ್ಲೇ ನಿಂತಿದ್ದಾನೆ. ಖಾಜಾಸಾಬ್ ಹಾರ್ನಿಲ್ಲದ ಗಾಡಿಯ ತಗಡಿಗೆ ಸ್ಪ್ಯಾನರಿನಿಂದ ಬಾರಿಸತೊಡಗಿದ. ಬಾಜಾದವರು ಅದನ್ನೇ ತಾಳವೆಂದು ಹಿಡಿದರು. ವರನನ್ನು ಎದುರುಗೊಳ್ಳಲು ಬಂದ ಹೆಂಗಸರು ಗಾಲಿಗೆ ನೀರು ಹಾಕಿ ನಿಂಬೆಹಣ್ಣು ಇಟ್ಟರು. ನಿಂಬೆಹಣ್ಣು ಎಲ್ಲಿ ಹೋಯಿತೆಂದು ಯಾರಿಗೂ ತಿಳಿಯಲಿಲ್ಲ. ನಾನು ಜಿಗಿದು ಮಂಟಪಕ್ಕೆ ಓಡಿದೆ, ಅಕ್ಷತೆ ಬಿತ್ತು, ತಾಳಿ ಕಟ್ಟಿದೆ. ವೀರಣ್ಣ ರುಮಾಲು ಬಿಚ್ಚಿ ಬೆವರು ಒರೆಸಿಕೊಂಡ.

ಒಂದು ಗಂಡಾಂತರ ಕಳೆಯಿತು. ಹೊರಗೆ ರಸ್ತೆ ಹಾಗೆಯೇ ಬಿದ್ದಿತ್ತು. ನೀರಿನ ಗಾಡಿ ರಾಯಚೂರಿನಿಂದ ಹೊರಟಿರಲೇ ಇಲ್ಲ. ಊಟದ ಪಂಕ್ತಿಯಿಂದ ಮೆಲ್ಲಗೆ ಎದ್ದು ಬಾಗಿಲಿಗೆ ಹೋದೆ. ನನ್ನ ಶಲ್ಯವನ್ನು ಗಿರಿಜೆಯ ಸೆರಗಿಗೆ ಗಂಟು ಹಾಕಿದ್ದು ಮರೆತೇಹೋಗಿತ್ತು. ಹಿಂದಿನಿಂದ ಅವಳೂ ಎದ್ದು ಬರಬೇಕಾಯಿತು. ಎಲ್ಲಿಗೆ ಎಂದು ಅವಳು ಕಣ್ಣಲ್ಲೇ ಕೇಳಿದಳು. ನಾನು ತಡವರಿಸುತ್ತ ರೋಲರ್, ನೀರು, ಮಂತ್ರಿ ಎಲ್ಲವನ್ನೂ ಒದರಿಬಿಟ್ಟೆ. ಅವಳು ನನ್ನೊಂದಿಗೆ ಆಡಿದ ಮೊದಲ ಮಾತು ಇದು:

‘ಮೆರವಣಿಗಿ ಹೆಂಗೂ ಆಗಬೇಕಲ್ರಿ. ಆ ರೋಲರ್ ಮ್ಯಾಲೇ ಮಾಡಿಬಿಡ್ರಿ. ನೀರಿಗಿ ನಮ್ಮ ಓಣಿ ಹೆಣ್ಣಮಕ್ಕಳು ಅದಾರ.’

ನನಗೆ ಅಲ್ಲೇ ಕುಣಿಯಬೇಕೆನಿಸಿತು. ಗಂಟು ಇತ್ತೆಂದು ಸುಮ್ಮನಿದ್ದೆ.

ಮಾವನವರು ಬೇಡ ಬೇಡವೆನ್ನುತ್ತಲೇ ರೋಲರಿಗೆ ಹೂವಿನ ಮಾಲೆ ಕಟ್ಟಿಸಿದರು. ಖಾಜಾಸಾಬನ ತಲೆಗೆ ವೀರಣ್ಣ ತನ್ನ ಜರಿ ರುಮಾಲು ಸುತ್ತಿದ, ಪುಣ್ಯಾತ್ಮ; ಆಮೇಲೆ ಕೊಡ ಹೊತ್ತು ಎಲ್ಲರಿಗಿಂತ ಮುಂದೆ ತಾನೇ ನೀರು ಚೆಲ್ಲುತ್ತ ನಡೆದ. ಮನೆಮನೆಯಿಂದ ಕೊಡ ಬಂದವು. ಬಜಾರದ ಆ ತುದಿಯಿಂದ ಈ ತುದಿಗೆ, ಈ ತುದಿಯಿಂದ ಆ ತುದಿಗೆ ಮೆರವಣಿಗೆ ಸಾಗಿತು. ಬೇರೆ ಮದುಮಕ್ಕಳನ್ನು ಜನ ಒಂದು ಸಲ ನೋಡುತ್ತಾರೆ, ನಮ್ಮನ್ನು ಅಷ್ಟೂ ಸಲ ನೋಡಿದರು. ಪ್ರತಿ ಸಲವೂ ಅಕ್ಷತೆ ಎರಚಿದರು. ಅದೂ ಗರಸಿನೊಂದಿಗೆ ರಸ್ತೆಯಲ್ಲಿ ಕೂತಿತು. ಗಿರಿಜೆ ಮೊದಲು ತಲೆ ತಗ್ಗಿಸಿದ್ದಳು. ಬರಬರುತ್ತ ಗೆಳತಿಯರಿಗೆ ಕೈ ಬೀಸತೊಡಗಿದಳು. ಜೀವಮಾನದಲ್ಲಿ ನಾನು ಅಷ್ಟು ಸಂತೋಷಪಟ್ಟ ದಿನ ಇನ್ನೊಂದಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ರಸ್ತೆ ಕಲ್ಲಿನಷ್ಟು ಗಟ್ಟಿಯಾಯಿತು. ಅಷ್ಟರಲ್ಲಿ ಬಜಾರದ ತುದಿಗೆ ಮಂತ್ರಿಗಳ ಜೀಪು ಬಂದು ನಿಂತಿತು. ಮದುವೆಯ ಮೆರವಣಿಗೆಗೆ ಅಡ್ಡ ಬರಬಾರದೆಂದು ಅವರು ಒಳಗೇ ಕೂತರಂತೆ. ಸಾಹೇಬರು ಅಲ್ಲಿಂದ ಎರಡೂ ಕೈ ಬೀಸಿ ಬದಿಗೆ ಸರಿಯಿರಿ ಎನ್ನುತ್ತಿದ್ದರು. ಖಾಜಾಸಾಬ್ ತಿರುಗಿ ನೋಡಿದ. ಸಾಕು, ನಿಲ್ಲಿಸು ಎನ್ನಲು ನಾನು ಬಾಯಿ ತೆರೆದೆ.

‘ಇನ್ನೊಂದು ಸುತ್ತು ಹಾಕ್ಲಿ ಬಿಡ್ರಿ’ ಎಂದಳು ಗಿರಿಜೆ.

ವರ್ಷಗಟ್ಟಲೆ ನನ್ನ ಬೆನ್ನು ಹತ್ತಿದ್ದ ಗಡುವು ಅಲ್ಲಿ ಜೀಪಿನೊಳಗೆ ಕೂತು ನಮಗಾಗಿ ಕಾಯುತ್ತಿತ್ತು. ನಾವು ಇನ್ನೊಂದು ಸುತ್ತು ಹಾಕಿದೆವು.