ಚಬ್ದಾರನನ್ನು ಉಳಿಸಿಕೊಂಡವಳು

ಗಂಡ ಸತ್ತಾಗ ಝೂರಾ ಅತ್ತ ರೀತಿ ಊರಿನ ಹೆಂಗಸರಿಗೆ ಹಿಡಿಸಲಿಲ್ಲ. ಅಂಗಳದಲ್ಲಿ ಉಣ್ಣೆಯ ಗುಡಾರ ನಿಲ್ಲಿಸಿ, ಒಳಗೆ ಹೆಣ ಮಲಗಿಸಿದ ಮೇಲೆ, ಹೆಂಡತಿಯಾದವಳು ಬೆನ್ನು ತಿರುಗಿಸಿ ಕೂತು ಸತ್ತವನ ಗುಣಗಳನ್ನೆಲ್ಲ ಹಾಡಿ ಹಾಡಿ ಅಳಬೇಕು. ಝೂರಾ ಎರಡು ಸಾಲು ಹಾಡಿದಳು. ಮುಂದಿನ ಸಾಲು ಬರಲಿಲ್ಲ. ಕೊನೆಗೆ ನೆರೆಮನೆಯ ಬುರುಲ್ಚಾ ಅವಳ ಪಕ್ಕ ಕೂತು, ಅವಳ ಬದಲು ತಾನೇ ಹಾಡಿ ಮಾನ ಉಳಿಸಿದಳು. ಕಲ್ಮುರ್ಜಾನಂಥ ಗಂಡಸಿಗೆ ಇಂಥ ಮೂಕಿ ಗಂಟುಬಿದ್ದಳಲ್ಲ ಎಂದು ಹೆಂಗಸರು ಹಿಟ್ಟು ನಾದುತ್ತ ಮಾತಾಡಿಕೊಂಡರು.

ಮೂಕಿಯೇನಲ್ಲ, ಮಾತು ಕಡಿಮೆ ಅಷ್ಟೆ. ನಾರಿನ್ ಹೊಳೆಯ ಮೇಲ್ದಂಡೆಯ ಆ ಊರಿನ ಶಾಲೆಯಲ್ಲಿ ಬಾಯ್ಲರಿಗೆ ಕಲ್ಲಿದ್ದಲು ಹಾಕುವ ಕೆಲಸ ಅವಳದು. ಚಳಿಗಾಲ ಪೂರ್ತಿ ನೆಲಮಾಳಿಗೆಯಲ್ಲಿ ಬೆಂಕಿಯ ಬಾಯಿ ಕಾಯುತ್ತ ಒಬ್ಬಳೇ ಇರುವವಳಿಗೆ ಯಾರೊಡನೆ ಮಾತು? ಮಕ್ಕಳಾಗಿರಲಿಲ್ಲ. ಕಲ್ಮುರ್ಜಾ ಮನೆಗೆ ಬರುತ್ತಿದ್ದುದೇ ಉಣ್ಣಲು ಮತ್ತು ಮಲಗಲು. ಆಡಿನ ಮುಂಡವೊಂದನ್ನು ನಡುವೆ ಹಾಕಿಕೊಂಡು ಕುದುರೆಯ ಮೇಲಿಂದಲೇ ಕಿತ್ತಾಡುವ ಆಟದಲ್ಲಿ ಅವನದು ಸುತ್ತಮುತ್ತಲ ಕಣಿವೆಗಳಲ್ಲೆಲ್ಲ ಹೆಸರು. ಅವನ ಹೆಸರಿಗಿಂತ ಒಂದು ಹಿಡಿ ಹೆಚ್ಚಿನ ಹೆಸರು ಅವನ ಕುದುರೆ ಚಬ್ದಾರನದು. ಕೆಂಗಂದು ಮೈ, ಹಾಲು ಬಣ್ಣದ ಅಯಾಲು, ಎದೆ ಬಾಗಿಲಿನಷ್ಟು ಅಗಲ. ಮನೆಯಲ್ಲಿ ಕಲ್ಮುರ್ಜಾ ಬಾಯಿ ಬಿಟ್ಟರೆ ಬರುತ್ತಿದ್ದುದು ಚಬ್ದಾರನ ಸುದ್ದಿ. ಝೂರಾಳಿಗೆ ಆ ಕುದುರೆಯ ಮೇಲೆ ಹೊಟ್ಟೆಕಿಚ್ಚೂ ಇತ್ತು ಎಂದರೆ ಸುಳ್ಳಲ್ಲ.

ಅವನು ಸತ್ತದ್ದು ಶ್ವಾಸಕೋಶಕ್ಕೆ ನೀರಿಳಿದು, ಹಾಸಿಗೆಯಲ್ಲಿ. ಮಣ್ಣು ಮಾಡಿ ಬಂದ ಮೇಲೆ ಅವನ ತಮ್ಮ ಬೇಶೇನ್ ಸಾವಿನ ಗುರುತಿಗೆ ಚಬ್ದಾರನ ಬಾಲದ ಕೂದಲು ಕತ್ತರಿಸಿದ. ಇನ್ನೊಂದು ವರ್ಷ ಅದರ ಮೇಲೆ ಯಾರೂ ಹತ್ತುವಂತಿಲ್ಲ. ವರ್ಷದೂಟದ ದಿನ ಅದನ್ನೇ ಕಡಿಯುವುದು. ಈಗ ಇಷ್ಟೆಲ್ಲ ಪಾಲಿಸುವವರು ಕಡಿಮೆ, ಸಂತೆಯಿಂದ ಯಾವುದಾದರೊಂದು ಕುದುರೆ ಹಿಡಿದು ತಂದು ಕೆಲಸ ಮುಗಿಸುತ್ತಾರೆ. ಆದರೆ ಅವರ ಮನೆತನ ಹಳೆಯ ಪದ್ಧತಿಯದು. ಸತ್ತವನು ಆ ಲೋಕದಲ್ಲಿ ತನ್ನ ಕುದುರೆಯನ್ನೇ ಹತ್ತಬೇಕು ಎನ್ನುವವರು.

ಆ ವರ್ಷ ಚಬ್ದಾರನಿಗೆ ಹುಲ್ಲು ಹಾಕಿ ಹೊಳೆಗೆ ನಡೆಸಿಕೊಂಡು ಹೋಗುವುದು ಝೂರಾಳ ಪಾಲಿಗೆ ಬಂತು. ಕುದುರೆ ಲಾಯದ ಗೋಡೆಯೂ ಅವಳು ಮಲಗುವ ಕೋಣೆಯ ಗೋಡೆಯೂ ಒಂದೇ. ಗಂಡನಿದ್ದಾಗ ಅವನ ಗೊರಕೆಯಲ್ಲಿ ಕೇಳಿಸದಿದ್ದದ್ದು ಈಗ ಕೇಳಿಸತೊಡಗಿತು. ಆಚೆ ಹುಲ್ಲು ಅಗಿಯುವ ಸದ್ದು, ಒಮ್ಮೊಮ್ಮೆ ಮೂಗು ಸೀಟುವ ಸದ್ದು, ಮೈಯ ಭಾರ ಒಂದು ಕಾಲಿನಿಂದ ಇನ್ನೊಂದಕ್ಕೆ ಬದಲಿಸುವಾಗ ಹಲಗೆ ಕಿರ್ರೆನ್ನುವುದು. ಮೊದಮೊದಲು ಅದರಿಂದ ನಿದ್ದೆ ಕೆಡುತ್ತಿತ್ತು. ಆಮೇಲೆ ಅದಿಲ್ಲದೆ ನಿದ್ದೆ ಹತ್ತದಂತಾಯಿತು. ಹೊಳೆಯ ದಾರಿಯಲ್ಲಿ ಅವಳು ಅದರೊಡನೆ ಮಾತಾಡುವುದನ್ನು ಬುರುಲ್ಚಾ ಒಂದು ದಿನ ಕಂಡಳು. ಗಂಡನೊಡನೆ ಇಪ್ಪತ್ತು ವರ್ಷದಲ್ಲಿ ಆಡದ ಮಾತನ್ನೆಲ್ಲ ಕುದುರೆಗೆ ಹೇಳುತ್ತಿದ್ದಾಳೆ ಎಂದು ಊರಿಗೆಲ್ಲ ಹೇಳಿ ನಗಿಸಿದಳು.

ವರ್ಷ ತುಂಬುವ ಹೊತ್ತಿಗೆ ಬೇಶೇನ್ ಬಂದು ಚಾ ಕುಡಿಯುತ್ತ ಊಟದ ಏರ್ಪಾಡು ಹೇಳಿದ. ಯಾವ ಊರಿನವರಿಗೆ ಕರೆ, ಎಷ್ಟು ಗುಡಾರ, ರೊಟ್ಟಿ ಯಾರು ಸುಡುವುದು, ಎಲ್ಲ. ಝೂರಾ ಕೇಳಿಸಿಕೊಂಡಳು. ಎಲ್ಲ ಮುಗಿದ ಮೇಲೆ, ಚಬ್ದಾರನನ್ನು ಕಡಿಯುವುದು ಬೇಡ ಅಂದಳು.

ಬೇಶೇನ್ ಬಟ್ಟಲು ಕೆಳಗಿಟ್ಟ. ಅತ್ತಿಗೆ ಬೇಡ ಎನ್ನುವುದನ್ನು ಅವನು ಈವರೆಗೆ ಕೇಳಿರಲಿಲ್ಲ.

"ಹಂಗಾದ್ರೆ ಅಣ್ಣ ಅಲ್ಲಿ ನಡ್ಕೊಂಡು ಓಡಾಡ್ಬೇಕಾ ಅತ್ತಿಗೆ? ಬದುಕಿದ್ದಾಗ ಅಂಗಡಿಗೂ ಕುದುರೆ ಮೇಲೆ ಹೋಗ್ತಿದ್ದವನು."

"ಬೇರೆ ಕುದುರೆ ಕೊಡ್ತೀನಿ."

"ಬೇರೆ ಕುದುರೆ ಅವನದ್ದಲ್ಲವಲ್ಲ."

"ಇದೂ ಈಗ ಅವರದ್ದಲ್ಲ. ನಂದು."

ಬೇಶೇನ್ ಕೆಟ್ಟವನಲ್ಲ. ಅಣ್ಣನೆಂದರೆ ಪ್ರಾಣ ಬಿಡುತ್ತಿದ್ದವನು, ಅಣ್ಣನ ಜ್ವರದಲ್ಲಿ ಎಷ್ಟೋ ದಿನ ಹಾಸಿಗೆಯ ಬುಡದಲ್ಲೇ ಕೂತಿದ್ದವನು. ಅವನು ಹಿರಿಯರನ್ನು ಕರೆತಂದ. ಅವರು ಬೈದರು, ಬುದ್ಧಿ ಹೇಳಿದರು, ಹೆಣ್ಣಿಗೆ ಇಷ್ಟು ಹಟ ಒಳ್ಳೆಯದಲ್ಲ ಅಂದರು. ಮಸೀದಿಯ ಮುಲ್ಲಾನನ್ನು ಕೇಳಿದರೆ ಅವನು, ಸತ್ತವರ ಹೆಸರಲ್ಲಿ ಕುದುರೆ ಕಡಿಯಿರಿ ಎಂದು ಧರ್ಮ ಎಲ್ಲೂ ಹೇಳಿಲ್ಲ, ಇದೆಲ್ಲ ದುಂದು ಅಂದುಬಿಟ್ಟ. ಇದರಿಂದ ಹಿರಿಯರಿಗೂ ಬೇಶೇನನಿಗೂ ಅವನ ಮೇಲೆ ಸಿಟ್ಟು ಬಂತು. ಝೂರಾ ವಾದಕ್ಕೆ ಇಳಿಯಲಿಲ್ಲ. ತನ್ನ ಎರಡು ಹಸುಗಳನ್ನು ಹೊಡೆದುಕೊಂಡು ಗುಡ್ಡದಾಚೆಯ ಊರಿಗೆ ಹೋದಳು. ಬರುವಾಗ ಅವುಗಳ ಬದಲು ಒಂದು ಕಪ್ಪು ಹೆಣ್ಣುಕುದುರೆ ತಂದಳು. ಇನ್ನೂ ಮರಿ ಹಾಕದ ಪ್ರಾಯದ ಕುದುರೆ, ದಾರಿಯುದ್ದಕ್ಕೂ ಅವಳ ಭುಜಕ್ಕೆ ಮೂತಿ ತಾಗಿಸಿಕೊಂಡು ಬಂದಿತ್ತು.

ಊಟದ ದಿನ ಬೆಳಿಗ್ಗೆ ಗಂಡಸರು ಕಪ್ಪು ಕುದುರೆಯ ಕಾಲಿಗೆ ಹಗ್ಗ ಹಾಕಿ ಕೆಡವಿದರು. ಊರಿನಲ್ಲಿ ಚೂರಿ ಹಿಡಿಯುವ ಕೈ ಬೇಶೇನನದೇ. ಕಡಿಯುವ ಮುಂಚೆ ಅವನು ತಲೆಯೆತ್ತಿ ಅವಳನ್ನು ನೋಡಿದ.

"ಇದಕ್ಕೂ ಕಣ್ಣಿದೆ ನೋಡು ಅತ್ತಿಗೆ. ಇದೇನ್ ತಪ್ಪು ಮಾಡಿತ್ತು?"

ಕುಟುಕುವ ದನಿಯಲ್ಲಿ ಕೇಳಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. ಅವನು ನಿಜವಾಗಿಯೇ ಕೇಳಿದ್ದ. ಅವಳು ಅಲ್ಲಿಂದ ಕದಲಲಿಲ್ಲ, ಕೊನೆಯವರೆಗೆ ನೋಡಿದಳು. ಆಮೇಲೆ ಕರುಳು ತೊಳೆಯಲು ಹೆಂಗಸರ ಜೊತೆ ಕೂತಳು, ಮಾಂಸ ಬಡಿಸಿದಳು, ತಾನೂ ತಿಂದಳು. ಎಷ್ಟೋ ವರ್ಷದ ಮೇಲೆ, ನೀರು ಸೇದುವಾಗಲೋ ಕಲ್ಲಿದ್ದಲು ಎತ್ತುವಾಗಲೋ, ಆ ಮೂತಿಯ ಬಿಸಿ ಭುಜಕ್ಕೆ ತಾಗಿದಂತಾಗಿ ಅವಳು ತಿರುಗಿ ನೋಡುವುದಿತ್ತು.

ಅವತ್ತಿನಿಂದ ಬೇಶೇನ್ ಆ ಮನೆಯ ಹೊಸ್ತಿಲು ತುಳಿಯುವುದನ್ನು ಬಿಟ್ಟ. ಚಳಿಗಾಲದ ಮೊದಲಲ್ಲಿ ಮನೆಮನೆಯಲ್ಲೂ ವರ್ಷದ ಮಾಂಸಕ್ಕೆ ಕುದುರೆ ಕಡಿಯುತ್ತಾರೆ. ಕಡಿದ ಮನೆಯವರು ಎಲ್ಲರನ್ನೂ ಕರೆದು ಬಿಸಿ ಈಲಿ, ಕೊಬ್ಬು ಉಣಿಸುತ್ತಾರೆ. ಆ ಸುತ್ತಿನ ಊಟಗಳೇ ಅಲ್ಲಿಯ ಚಳಿಗಾಲ. ಆ ಕರೆ ಝೂರಾಳಿಗೆ ನಿಂತುಹೋಯಿತು. ಆ ಲೋಕದಲ್ಲಿ ಗಂಡನನ್ನು ಕಾಲ್ನಡಿಗೆಯಲ್ಲಿ ನಡೆಸಿದವಳು ಎಂದು ಹೆಸರಾಯಿತು. ಅಂಗಡಿಯಲ್ಲಿ ಅವಳು ಒಳಗೆ ಬಂದರೆ ಮಾತು ತಗ್ಗುತ್ತಿತ್ತು. ಬುರುಲ್ಚಾ ಮಾತ್ರ ಬೇಲಿಯಾಚೆಯಿಂದ, "ನಿನ್ನ ಗಂಡ ಹೇಗಿದಾನೆ, ಹುಲ್ಲು ತಿಂದನಾ?" ಎಂದು ಕೆಣಕುತ್ತಿದ್ದಳು. ಆ ಕೆಣಕಾದರೂ ಇರಲಿ ಎಂದು ಝೂರಾ ಬೇಲಿಯ ಹತ್ತಿರ ತುಸು ನಿಧಾನಿಸುತ್ತಿದ್ದಳು.

ಹೀಗಿರುವಾಗ ಒಂದು ಶರತ್ಕಾಲದ ಮಧ್ಯಾಹ್ನ ಜುಮಾಶ್ ಮುದುಕ ತನ್ನ ಹಳೆಯ ಹಾಲುಗುದುರೆಯನ್ನು ಹಿಡಿದುಕೊಂಡು ಹಿತ್ತಿಲ ಕಡೆಯಿಂದ ಬಂದ. ಹಿರಿಯರ ಸಾಲಿನಲ್ಲಿ ಕೂತು ಝೂರಾಳಿಗೆ ಜೋರಾಗಿ ಬೈದವನು ಅವನೇ. ಕುದುರೆಗೆ ಕಾಲಲ್ಲಿ ಬಲವಿಲ್ಲ, ಕೆಚ್ಚಲು ಬತ್ತಿದೆ, ಮಗ ಈ ಸಲ ಇದನ್ನು ಕಡಿಯುತ್ತಾನಂತೆ. ಅದರ ಹಾಲು ಕುಡಿದು ಮೊಮ್ಮಕ್ಕಳು ಬೆಳೆದರು ಎಂದೇನೋ ಹೇಳಿ ಹಗ್ಗವನ್ನು ಅವಳತ್ತ ಚಾಚಿದ.

"ನಿನ್ನ ಹತ್ರ ಇರ್ಲಿ. ಹುಲ್ಲು ನಾನು ಕಳಿಸ್ತೀನಿ. ನಾನೇ ತಂದೆ ಅಂತ ಮಾತ್ರ ಯಾರ್ಗೂ ಹೇಳ್ಬೇಡ ತಾಯಿ."

"ಊರಲ್ಲಿ ಎಲ್ರಿಗೂ ನಿನ್ ಕುದುರೆ ಗುರುತಿದೆಯಲ್ಲ ಅಜ್ಜ."

"ತಾನೇ ತಪ್ಪಿಸ್ಕೊಂಡು ಬಂತು ಅನ್ನು."

ಆಮೇಲೆ ಹೀಗೆ ತಾವೇ ತಪ್ಪಿಸಿಕೊಂಡು ಬಂದ ಕುದುರೆಗಳು ಇನ್ನೂ ಕೆಲವು. ಕರೆತಂದವರು ಯಾರೂ ಒಳಗೆ ಬಂದು ಚಾ ಕುಡಿಯಲಿಲ್ಲ, ಬೀದಿಯಲ್ಲಿ ಸಿಕ್ಕರೆ ಮುಖ ಕೊಡಲಿಲ್ಲ. ಝೂರಾ ಬೇಸಿಗೆಯಿಡೀ ಕುಡುಗೋಲು ಹಿಡಿದು ಶಾಲೆಯ ಬಯಲು, ಗೋರಿಗಳ ಸುತ್ತ, ರಸ್ತೆಯ ಬದಿ ಎಲ್ಲ ಕೊಯ್ದು ಒಣಗಿಸುತ್ತಿದ್ದಳು. ಎಲ್ಲವೂ ಉಳಿಯಲಿಲ್ಲ. ಒಂದೆರಡು ಚಳಿಗೆ ಹೋದವು.

ಸುದ್ದಿ ಹೇಗೋ ರಾಜಧಾನಿ ಬಿಷ್ಕೆಕ್‌ವರೆಗೆ ಮುಟ್ಟಿತು. ಅಲ್ಲಿಂದ ಮೇರಿಮ್ ಎಂಬ ಹುಡುಗಿ ಬಂದಳು. ಕುದುರೆ ಕಡಿಯುವುದನ್ನು ನಿಲ್ಲಿಸಬೇಕೆಂದು ಹೋರಾಡುವ ಗುಂಪಿನವಳು. ಫೋನಿನಲ್ಲಿ ಎಲ್ಲವನ್ನೂ ವಿಡಿಯೋ ಹಿಡಿದುಕೊಂಡಳು, ಚಬ್ದಾರನ ಕುತ್ತಿಗೆ ತಬ್ಬಿಕೊಂಡು ಅತ್ತಳು. ಝೂರಾಳಿಗೆ ಅವಳನ್ನು ಕಂಡರೆ ಇಷ್ಟವಾಯಿತು. ಮನೆಯಲ್ಲಿ ಇನ್ನೊಬ್ಬರ ಬೂಟುಗಳು ಕಂಡು ಬಹಳ ಕಾಲವಾಗಿತ್ತು. ಇರುವುದರಲ್ಲಿ ಒಳ್ಳೆಯದನ್ನೆಲ್ಲ ಹಾಸಿನ ಮೇಲೆ ಜೋಡಿಸಿದಳು. ರೊಟ್ಟಿ, ಕೆನೆ, ಏಪ್ರಿಕಾಟ್ ಹಣ್ಣಿನ ಪಾಕ, ನಡುವೆ ಒಂದು ತಟ್ಟೆ ತೆಳ್ಳಗೆ ಹೆಚ್ಚಿದ ಚುಚುಕ್. ಕುದುರೆಯ ಕರುಳಿಗೆ ಕೊಬ್ಬು, ಮಾಂಸ ತುಂಬಿ ಕಟ್ಟಿದ ಅದನ್ನು ಅತಿಥಿಗೆಂದೇ ಅಂಗಡಿಯಿಂದ ತಂದಿದ್ದಳು.

ಮೇರಿಮ್ ತಟ್ಟೆಯನ್ನೇ ನೋಡಿದಳು. "ನೀವು ತಿಂತೀರಾ ಅಮ್ಮ?"

"ತಿಂತೀನಿ. ಯಾಕೆ?"

"ಮತ್ತೆ ಇವನ್ನೆಲ್ಲ ಯಾಕೆ ಉಳಿಸಿದ್ರಿ?"

ಝೂರಾ ಯೋಚಿಸಿದಳು. "ಇವು ನಂಗೆ ಗೊತ್ತಲ್ಲಮ್ಮ," ಅಂದಳು.

ಹುಡುಗಿ ಫೋನು ಕೆಳಗಿಟ್ಟಳು. ಕುದುರೆ ಮಾಂಸ ನಿಲ್ಲಬೇಕು ಎಂದು ಒಂದೇ ಒಂದು ಮಾತು ಹೇಳಿ ಎಂದು ಬಹಳ ಕೇಳಿಕೊಂಡಳು. ಝೂರಾ ಹೇಳಲಿಲ್ಲ. ಮೇರಿಮ್ ಬೇಶೇನನ ಮನೆಗೂ ಹೋದಳು. ಅವನು ಮುಚ್ಚುಮರೆಯಿಲ್ಲದೆ ಮಾತಾಡಿದ.

"ತಿನ್ನೋದು ನಿಲ್ಸಿದ್ರೆ ಗುಡ್ಡದ ಮೇಲೆ ಒಂದು ಕುದುರೆನೂ ಇರಲ್ಲಮ್ಮ, ಯಾರು ಸಾಕ್ತಾರೆ? ಚೂರಿ ಒಂದು ಉಸಿರಿನ ಕೆಲಸ. ಹಲ್ಲುದುರಿ, ಹಿಮದಲ್ಲಿ ಕುಸಿದು, ಜೀವ ಇರೋವಾಗ್ಲೇ ಹದ್ದು ಕಣ್ಣು ಕುಕ್ಕೋ ಹಂಗೆ ಬಿಡೋದೇ ದಯೆ ಅಂತೀಯಾ? ನಮ್ಮತ್ತಿಗೇನ ಕೇಳು, ಅವ್ಳಿಗೆ ಗೊತ್ತು."

ಮೇರಿಮ್ ತನ್ನೂರಿಗೆ ಹೋಗಿ ಇದನ್ನೆಲ್ಲ ಇಂಟರ್ನೆಟ್ಟಿಗೆ ಹಾಕಿದ ಮೇಲೆ ಫೋನುಗಳಲ್ಲಿ ಜಗಳವೋ ಜಗಳ. ಒಂದು ಕಡೆಯವರು ಊರನ್ನೇ ಕಟುಕರ ಊರು ಎಂದರು. ಇನ್ನೊಂದು ಕಡೆಯವರು ಝೂರಾ ಅಜ್ಜ ಮುತ್ತಾತಂದಿರ ಪದ್ಧತಿಗೆ ಮಸಿ ಬಳಿದವಳು ಎಂದರು. ಅವಳು ಮಾಂಸ ತಿನ್ನುತ್ತಾಳೆಂದು ತಿಳಿದ ಕೆಲವರು ಅವಳನ್ನೂ ಬೈದರು. ಊರವರಿಗೆ ಅವಮಾನವಾಗಿ, ಬೇಲಿಯಾಚೆಯ ಕೆಣಕು ಕೂಡ ನಿಂತಿತು. ಮೇರಿಮ್ ಮತ್ತೆ ಬರಲಿಲ್ಲ. ಹಬ್ಬಕ್ಕೊಮ್ಮೆ ಫೋನು ಮಾಡುತ್ತಿದ್ದಳು, ಆಮೇಲೆ ಅದೂ ಇಲ್ಲ.

ಚಬ್ದಾರನಿಗೆ ಮುಪ್ಪು ಬಂತು. ಬೆನ್ನು ಕುಸಿದು, ಕಣ್ಣಿನ ಮೇಲೆ ಗುಂಡಿ ಬಿದ್ದು, ಹುಲ್ಲನ್ನು ಅಗಿದು ಉಂಡೆಮಾಡಿ ಉಗುಳುವ ಹಾಗಾಯಿತು. ಝೂರಾ ಹೊಟ್ಟಿಗೆ ಬಿಸಿನೀರು ಹಾಕಿ ಕಲಸಿ ಕೊಡುತ್ತಿದ್ದಳು. ಒಂದು ಜನವರಿಯ ಬೆಳಿಗ್ಗೆ ಹೊಳೆಯ ದಾರಿಯಲ್ಲಿ ಮಂಜುಗಡ್ಡೆಯ ಮೇಲೆ ಅದರ ಹಿಂಗಾಲು ಜಾರಿತು. ಬಿದ್ದ ಸದ್ದಿಗಿಂತ ಮುಂಚೆ ಮೂಳೆಯ ಸದ್ದು ಕೇಳಿಸಿತು. ಅದು ಏಳಲು ನೋಡಿತು, ಆಗಲಿಲ್ಲ, ಮತ್ತೆ ನೋಡಿತು. ಝೂರಾ ತನ್ನ ಕೋಟನ್ನು ಬಿಚ್ಚಿ ಅದಕ್ಕೆ ಹೊದಿಸಿ, ತಲೆ ತೊಡೆಯ ಮೇಲಿಟ್ಟುಕೊಂಡು ಸ್ವಲ್ಪ ಹೊತ್ತು ಕೂತಳು. ಪಶುವೈದ್ಯರಿರುವ ಪಟ್ಟಣಕ್ಕೆ ಕಣಿವೆಯ ದಾರಿ ಮುಚ್ಚಿತ್ತು. ಅವಳು ಎದ್ದು ಬೇಶೇನನ ಮನೆಗೆ ಹೋಗಿ ಬಾಗಿಲು ಬಡಿದಳು.

ಬಾಗಿಲು ತೆರೆದವನು ಕೋಟಿಲ್ಲದೆ ನಿಂತ ಅತ್ತಿಗೆಯನ್ನು ನೋಡಿದ. ಏನಾಗಿದೆಯೆಂದು ಅಷ್ಟರಲ್ಲೇ ತಿಳಿದುಕೊಂಡ. ಒಳಗೆ ಹೋಗಿ ಚೂರಿ ತಂದ, ಹೆಂಡತಿಯ ಶಾಲನ್ನು ಅವಳ ಕೈಗೆ ಕೊಟ್ಟ. ಹಿಮ ತುಳಿಯುತ್ತ ನಡೆಯುವಾಗ, ನಾನು ಆಗಲೇ ಹೇಳಿರಲಿಲ್ಲವೇ ಎಂದು ಅವನು ಈಗ ಅನ್ನುತ್ತಾನೆ, ಈಗ ಅನ್ನುತ್ತಾನೆ ಎಂದು ಅವಳು ಕಾದಳು. ಅವನು ಅನ್ನಲಿಲ್ಲ.

ಕುದುರೆಯ ಹತ್ತಿರ ಮಂಡಿಯೂರಿ ಅವನು ಅದರ ಗದ್ದ ಸವರಿದ. ಅಣ್ಣನ ಜೊತೆ ಅದನ್ನು ಮರಿಯಿದ್ದಾಗ ಪಳಗಿಸಿದವನು ಅವನೂ ಹೌದು.

"ಅಣ್ಣನ ಹೆಸರಲ್ಲೇ ಪ್ರಾರ್ಥನೆ ಓದ್ಲಾ ಅತ್ತಿಗೆ?"

"ಬೇಡ. ಅವರಿಗೆ ಕೊಡೋದು ಕೊಟ್ಟಾಯ್ತು. ಇದು ಇದರದ್ದೇ ಸಾವು."

ಬೇಶೇನ್ ಚೂರಿ ಎತ್ತಿಕೊಂಡ. ಆಮೇಲೆ ದೇವರ ಹೆಸರನ್ನಷ್ಟೇ ಹೇಳಿದ. ಝೂರಾ ತಲೆ ಹಿಡಿದುಕೊಂಡಳು. ಅವನು ಹೇಳುತ್ತಿದ್ದಂತೆ, ಒಂದು ಉಸಿರಿನ ಕೆಲಸವೇ.

ನೆಲ ಕಲ್ಲಾಗಿತ್ತು, ಹೂಳುವಂತಿರಲಿಲ್ಲ. ನಾಯಿಗಳು ಆಗಲೇ ದೂರದಲ್ಲಿ ಕೂತು ಕಾಯುತ್ತಿದ್ದವು. ಬೇಶೇನ್ ಅವಳ ಮುಖ ನೋಡಿದ. ಹಂಚಿಬಿಡು, ನನ್ನ ಮನೆಗೆ ಮಾತ್ರ ಬೇಡ ಎಂದಳು. ಅವನು ಹಾಗೇ ಮಾಡಿದ. ಮುದಿ ಮಾಂಸ, ಗಟ್ಟಿ. ಆದರೂ ಯಾವ ಮನೆಯವರೂ ಬೇಡ ಎನ್ನಲಿಲ್ಲ. ಜುಮಾಶ್ ಮುದುಕನ ಮನೆಯಲ್ಲಿ ಅದನ್ನು ದಿನವಿಡೀ ಬೇಯಿಸಿದರಂತೆ. ಸಂಜೆಗೆ ಮುಂಚೆ ಝೂರಾ ಶಾಲೆಯ ನೆಲಮಾಳಿಗೆಯಿಂದ ಬೂದಿ ಎತ್ತಿಕೊಂಡು ಹೊರಗೆ ಬಂದಾಗ, ಬೇಶೇನ್ ಚೀಲವೊಂದನ್ನು ಹೆಗಲಿಗೇರಿಸಿ ಹಿಮದ ಗುಡ್ಡ ಹತ್ತುತ್ತಿರುವುದು ಕಂಡಿತು. ಮೆಚ್ಚಿನ ಕುದುರೆಯ ತಲೆ ನೆಲದ ಮೇಲೆ ಬಿದ್ದಿರಬಾರದೆಂದು ಎತ್ತರದ ಬಂಡೆಯ ಮೇಲಿಡುತ್ತಾರೆ. ಅವಳು ಹೇಳಿರಲಿಲ್ಲ, ಅವನು ತಾನಾಗಿಯೇ ಹೊರಟಿದ್ದ. ಅವನು ಚುಕ್ಕೆಯಾಗುವವರೆಗೆ ಅವಳು ಬೂದಿಯ ತಟ್ಟೆ ಹಿಡಿದು ನಿಂತಿದ್ದಳು.

ಮರುದಿನ ಅವನು ಅವಳ ಮನೆಗೆ ಬಂದು ಕೋಟು ಕೊಟ್ಟ. ಹೆಂಡತಿ ಅದನ್ನು ಒಗೆದು ಒಣಗಿಸಿದ್ದಳು. ಒಂದು ಬಟ್ಟಲು ಚಾ ಕುಡಿದ, ಈ ಸಲದ ಹಿಮದ ಬಗ್ಗೆ ನಾಲ್ಕು ಮಾತಾಡಿದ, ಹೋದ. ಅದರಿಂದೇನೂ ಅವರು ಹತ್ತಿರದವರಾಗಲಿಲ್ಲ. ಮುಂದಿನ ಚಳಿಗಾಲದಲ್ಲಿ ಅವನ ಮನೆಯ ಊಟಕ್ಕೆ ಕರೆ ಬಂತು. ಅವಳು ಹೋದಳು, ಬಾಗಿಲ ಹತ್ತಿರ ಕೂತಳು, ಬಡಿಸಿದ್ದನ್ನು ತಿಂದು ಬೇಗ ಎದ್ದು ಬಂದಳು. ಅಷ್ಟು ಜನರ ನಡುವೆ ಕೂತು ಅಭ್ಯಾಸ ತಪ್ಪಿತ್ತು.

ಈಗ ಬಾಯ್ಲರಿನ ಕೆಲಸ ಬೇರೆಯವರಿಗೆ ಹೋಗಿದೆ. ಜೂನ್ ಬಂದರೆ ಊರಿಗೆ ಊರೇ ಹಿಂಡು ಹೊಡೆದುಕೊಂಡು ಮೇಲಿನ ಹುಲ್ಲುಗಾವಲಿಗೆ ಏರುತ್ತದೆ. ಲಾರಿಗಳ ಮೇಲೆ ಗುಡಾರದ ಕಂಬಗಳು, ಮಕ್ಕಳು, ಕೋಳಿಗಳು. ಝೂರಾ ಹೋಗುವುದಿಲ್ಲ. ಅವಳ ಹತ್ತಿರ ಉಳಿದಿರುವ ಒಂದೇ ಕುದುರೆ, ಯಾರದೋ ಕುರುಡು ಕುದುರೆ, ಗುಡ್ಡ ಹತ್ತಲಾರದು. ಖಾಲಿ ಬೀದಿಯಲ್ಲಿ ಅದರ ಹಗ್ಗ ಹಿಡಿದು, ಕಲ್ಲು ಬಂದಲ್ಲಿ ಕಲ್ಲು, ಹಳ್ಳ ಬಂದಲ್ಲಿ ಹಳ್ಳ ಎಂದು ಹೇಳುತ್ತ, ಅವಳು ಹೊಳೆಯ ಕಡೆ ನಡೆಯುತ್ತಾಳೆ.